ನೂರು ದಾಳಿಗಳ ವೈಮಾನಿಕ, ನಿರಾಶ್ರಿತ ರೋಗಿಗಳ ಬಂಧು: ಲೆನಾರ್ಡ್ ಚೆಷೈರ್

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಓಡಾಡುವವರಿಗೆ ಚೆಷೈರ್ ಹೋಂ ಎಂಬ ಹೆಸರು ಅಪರಿಚಿತವೇನಲ್ಲ. ಕೊಡಗಿನ ಪಾಲಿಬೆಟ್ಟದಲ್ಲಿಯೂ ಅದೇ ಹೆಸರಿನ ಸಂಸ್ಥೆಯೊಂದು ವಿಶೇಷ ಮಕ್ಕಳ ಶಾಲೆಯ ಮೂಲಕ ಜನರಿಗೆ ಪರಿಚಿತವಾಗಿದೆ. ಅಂಗವಿಕಲರ ಆರೈಕೆಗೆ ಮೀಸಲಾದ ಈ ಸಂಸ್ಥೆಗಳಿಗೆ ಹೆಸರು ಕೊಟ್ಟವರು ಯಾರೋ ಪಾದ್ರಿಯೋ ವೈದ್ಯರೋ ಇರಬೇಕೆಂದು ಊಹಿಸುವುದು ಸಹಜ. ಆದರೆ ಆ ಹೆಸರು ಎರಡನೆಯ ಮಹಾಯುದ್ಧದಲ್ಲಿ ನೂರು ಬಾರಿ ಬಾಂಬ್ ದಾಳಿಗೆ ಹಾರಿ ಜೀವಂತವಾಗಿ ಮರಳಿದ, ನಾಗಾಸಾಕಿಯ ಮೇಲೆ ಅಣುಬಾಂಬ್ ಸಿಡಿದದ್ದನ್ನು ಆಕಾಶದಿಂದ ಕಣ್ಣಾರೆ ಕಂಡ ಒಬ್ಬ ಸೇನಾನಿಯದು.

ಜೆಫ್ರಿ ಲೆನಾರ್ಡ್ ಚೆಷೈರ್ ಜನಿಸಿದ್ದು 1917ರ ಸೆಪ್ಟೆಂಬರ್ 7ರಂದು, ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ. ತಂದೆ ಆಕ್ಸ್‌ಫರ್ಡ್‌ನ ಹೆಸರಾಂತ ಕಾನೂನು ಪ್ರಾಧ್ಯಾಪಕರು. ಮಗನೂ ಅದೇ ವಿಶ್ವವಿದ್ಯಾಲಯದ ಮರ್ಟನ್ ಕಾಲೇಜಿನಲ್ಲಿ ಕಾನೂನು ಓದಿದರು. ಓದಿಗಿಂತ ವೇಗದ ಕಾರು ಮತ್ತು ಮೋಜಿನ ಕಡೆಗೇ ಒಲವು ಹೆಚ್ಚಾಗಿತ್ತೆಂದು ಚರಿತ್ರಕಾರರು ದಾಖಲಿಸಿದ್ದಾರೆ. ವಿಶ್ವವಿದ್ಯಾಲಯದ ವಿಮಾನ ದಳದಲ್ಲಿ ಹಾರಾಟ ಕಲಿತಿದ್ದ ಈ ಯುವಕ ಯುದ್ಧ ಆರಂಭವಾದಾಗ ರಾಯಲ್ ಏರ್‌ಫೋರ್ಸ್ ಸೇರಿ, 1940ರ ಜೂನ್‌ನಲ್ಲಿ 102ನೇ ಸ್ಕ್ವಾಡ್ರನ್‌ಗೆ ಬಂದರು. ಅವರಿಗೆ ದೊರೆತದ್ದು ನಿಧಾನಗತಿಯ ವಿಟ್ಲಿ ಬಾಂಬರ್.

ಅದೇ ವರ್ಷದ ನವೆಂಬರ್‌ನ ಒಂದು ರಾತ್ರಿ ಜರ್ಮನಿಯ ಕಲೋನ್ ನಗರದ ಮೇಲಿನ ದಾಳಿಯ ವೇಳೆ ವಿಮಾನನಾಶಕ ಗುಂಡು ಅವರ ವಿಟ್ಲಿಗೆ ತಗುಲಿತು. ಒಳಗಿದ್ದ ಬೆಳಕಿನ ಬಾಂಬ್ ಸ್ಫೋಟಿಸಿ ವಿಮಾನದ ಒಂದು ಪಾರ್ಶ್ವವೇ ಕಿತ್ತುಹೋಯಿತು, ಬೆಂಕಿ ಹೊತ್ತಿಕೊಂಡಿತು. ವೈರ್‌ಲೆಸ್ ಆಪರೇಟರ್ ಮುಖ ಮತ್ತು ಕೈಗಳು ಸುಟ್ಟುಹೋಗಿದ್ದರೂ ತನ್ನ ಯಂತ್ರದ ಮುಂದೆ ಕುಳಿತು ಸಂದೇಶ ಕಳಿಸಲು ಹೆಣಗುತ್ತಿದ್ದ. ಉಳಿದವರು ಬೆಂಕಿ ನಂದಿಸಿದರು. ಚೆಷೈರ್ ಆ ಹರಿದ ವಿಮಾನವನ್ನು ಉತ್ತರ ಸಮುದ್ರ ದಾಟಿಸಿ ನೆಲೆಗೆ ತಂದಿಳಿಸಿದರು. ಕಿರಿಯ ಅಧಿಕಾರಿಗಳಿಗೆ ಅಪರೂಪವಾಗಿ ಸಲ್ಲುತ್ತಿದ್ದ ಡಿಎಸ್ಒ ಪದಕ ಅವರಿಗೆ ದೊರೆತದ್ದು ಈ ಘಟನೆಗಾಗಿ.

ಆ ದಿನಗಳ ಬಾಂಬರ್ ಸಿಬ್ಬಂದಿಯ ಬದುಕು ಎಂತಹುದೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಭಾರಿ ಬಾಂಬರ್‌ಗಳಲ್ಲಿ ಸಾಮಾನ್ಯವಾಗಿ ಏಳು ಮಂದಿ. ಪೈಲಟ್, ನ್ಯಾವಿಗೇಟರ್, ಫ್ಲೈಟ್ ಎಂಜಿನಿಯರ್, ಬಾಂಬ್ ಗುರಿಕಾರ, ವೈರ್‌ಲೆಸ್ ಆಪರೇಟರ್ ಮತ್ತು ಇಬ್ಬರು ಗನ್ನರ್‌ಗಳು. ಬಹುತೇಕರು ಇಪ್ಪತ್ತರ ಆಸುಪಾಸಿನವರು. ಎಲ್ಲರೂ ಸ್ವಯಂಪ್ರೇರಿತರಾಗಿ ಬಂದವರು. ಬ್ರಿಟನ್ನಿನವರಲ್ಲದೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೋಲೆಂಡ್, ಕೆರಿಬಿಯನ್ ದ್ವೀಪಗಳವರೂ ಇದ್ದರು, ಭಾರತೀಯರೂ ಕೆಲವರಿದ್ದರು. 30 ದಾಳಿಗಳನ್ನು ಪೂರೈಸಿದರೆ ಒಂದು ಸರದಿ ಮುಗಿದಂತೆ. ಆ ಮೂವತ್ತನ್ನು ಮುಟ್ಟುವ ಭಾಗ್ಯ ಬಹಳ ಮಂದಿಗೆ ಇರಲಿಲ್ಲ. ಬಾಂಬರ್ ಕಮಾಂಡ್‌ನಲ್ಲಿ ಸೇವೆ ಸಲ್ಲಿಸಿದ ಸುಮಾರು 1,25,000 ವೈಮಾನಿಕರಲ್ಲಿ 55,573 ಮಂದಿ ಮಡಿದರು. ನೂರಕ್ಕೆ 44 ಮಂದಿ. ಸುಮಾರು ಹತ್ತು ಸಾವಿರ ಮಂದಿ ಸೆರೆಯಾದರು. ಚೆಷೈರ್ ಅವರ ತಮ್ಮ ಕ್ರಿಸ್ಟೋಫರ್ ಕೂಡ ಬಾಂಬರ್ ಪೈಲಟ್. 1941ರ ಆಗಸ್ಟ್‌ನಲ್ಲಿ ಬರ್ಲಿನ್ ದಾಳಿಯಲ್ಲಿ ಅವರ ವಿಮಾನ ಉರುಳಿತು, ಯುದ್ಧ ಮುಗಿಯುವವರೆಗೆ ಅವರು ಜರ್ಮನ್ನರ ಕೈದಿಯಾಗಿದ್ದರು.

1942ರ ಆಗಸ್ಟ್‌ನಲ್ಲಿ ಚೆಷೈರ್ 76ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥರಾದರು. ಅಲ್ಲಿದ್ದ ಹ್ಯಾಲಿಫ್ಯಾಕ್ಸ್ ವಿಮಾನಗಳು ಒಂದರ ಹಿಂದೊಂದು ನಾಶವಾಗುತ್ತಿದ್ದವು. ಭಾರ ಇಳಿದರೆ ವಿಮಾನ ಮೇಲೇರೀತು ಎಂಬ ಲೆಕ್ಕದಿಂದ ಅವರು ಮುಂಭಾಗದ ಮತ್ತು ಬೆನ್ನಿನ ಗನ್ ಗೋಪುರಗಳನ್ನು ತೆಗೆಸಿಹಾಕಿದರು. ಹೊಸದಾಗಿ ಬಂದ ತಂಡಗಳ ಜೊತೆ ತಾವೇ ಎರಡನೆಯ ಪೈಲಟ್ ಆಗಿ ಹಾರುತ್ತಿದ್ದರು. ನೆಲದ ಮೇಲೆ ವಿಮಾನ ರಿಪೇರಿ ಮಾಡುವ ಕೆಲಸಗಾರರ ಹೆಸರುಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದರು. ಆದರೆ ಇದೇ ಮನುಷ್ಯ ಭಯದಿಂದ ಹಾರಲು ಹಿಂಜರಿದವರ ವಿಷಯದಲ್ಲಿ ಕರುಣೆ ತೋರಲಿಲ್ಲ. ಅಂಥವರನ್ನು ಒಡನೆಯೇ ಬೇರೆಡೆಗೆ ಸಾಗಹಾಕುತ್ತಿದ್ದರು. ತಾನು ಆಗ ನಿರ್ದಯನಾಗಿದ್ದೆನೆಂಬುದನ್ನು ಮುಂದೆ ಅವರು ಮರೆಮಾಚಲಿಲ್ಲ. ಅವರ ಚರಿತ್ರೆ ಬರೆಯುವಾಗ ಈ ಅಂಶವನ್ನು ಬಿಟ್ಟುಬಿಡುವುದು ನ್ಯಾಯವಾಗದು.

25ನೇ ವಯಸ್ಸಿಗೆ ಗ್ರೂಪ್ ಕ್ಯಾಪ್ಟನ್ ಪದವಿ ಬಂತು. ಅದರೊಂದಿಗೆ ಮೇಜಿನ ಕೆಲಸವೂ ಬಂತು. ಚೆಷೈರ್ ಅವರಿಗೆ ಅದು ಒಗ್ಗಲಿಲ್ಲ. ಸ್ವತಃ ಕೇಳಿಕೊಂಡು ಒಂದು ಮೆಟ್ಟಿಲು ಕೆಳಗಿಳಿದು, ವಿಂಗ್ ಕಮಾಂಡರ್ ಆಗಿ 1943ರ ನವೆಂಬರ್‌ನಲ್ಲಿ 617ನೇ ಸ್ಕ್ವಾಡ್ರನ್ನಿನ ಹೊಣೆ ಹೊತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ರೂರ್ ಪ್ರದೇಶದ ಅಣೆಕಟ್ಟುಗಳನ್ನು ಒಡೆದ ದಳವದು. ಆ ಒಂದೇ ರಾತ್ರಿಯಲ್ಲಿ ಹೋದ 133 ಮಂದಿಯಲ್ಲಿ 53 ಮಂದಿ ಮಡಿದಿದ್ದರು. ಕೆಳಗೆ ಪ್ರವಾಹದಲ್ಲಿ ಕೊಚ್ಚಿಹೋದವರ ಸಂಖ್ಯೆ ಸಾವಿರ ಮೀರಿತ್ತು; ಅವರಲ್ಲಿ ಅನೇಕರು ಜರ್ಮನ್ನರು ಬಲವಂತದಿಂದ ತಂದಿದ್ದ ವಿದೇಶಿ ಕೂಲಿಗಳು.

ರಾತ್ರಿಯ ಕತ್ತಲಲ್ಲಿ ಬಹು ಎತ್ತರದಿಂದ ಬೀಳುವ ಬಾಂಬ್ ಕಾರ್ಖಾನೆಗೆ ಬೀಳುವುದೋ ಪಕ್ಕದ ಬೀದಿಗೆ ಬೀಳುವುದೋ ಹೇಳಲಾಗುತ್ತಿರಲಿಲ್ಲ. ಒಂದು ವಿಮಾನ ತೀರ ಕೆಳಗೆ ಹಾರಿ ಗುರಿಯ ಮೇಲೆಯೇ ಉರಿಯುವ ಗುರುತು ಹಾಕಿದರೆ ಮೇಲಿನವರಿಗೆ ದಾರಿ ಸ್ಪಷ್ಟವಾಗುತ್ತದೆ ಎಂಬುದು ಚೆಷೈರ್ ಅವರ ವಾದ. ಗುರುತು ಹಾಕುವ ವಿಮಾನದಲ್ಲಿ ತಾವೇ ಕುಳಿತರು. 1944ರ ಫೆಬ್ರವರಿ 8ರ ರಾತ್ರಿ ಫ್ರಾನ್ಸಿನ ಲಿಮೋಜ್‌ನಲ್ಲಿದ್ದ ವಿಮಾನ ಎಂಜಿನ್ ಕಾರ್ಖಾನೆ ಅವರ ಗುರಿಯಾಗಿತ್ತು. ಅಲ್ಲಿ ರಾತ್ರಿ ಪಾಳಿಯಲ್ಲಿ ಸುಮಾರು 300 ಫ್ರೆಂಚ್ ಮಹಿಳೆಯರು ದುಡಿಯುತ್ತಿದ್ದರು. ಬೆಳದಿಂಗಳಿನಲ್ಲಿ ಚೆಷೈರ್ ತಮ್ಮ ಲ್ಯಾಂಕಾಸ್ಟರ್ ವಿಮಾನವನ್ನು ಛಾವಣಿ ಸವರುವಂತೆ ಮೂರು ಬಾರಿ ಹಾರಿಸಿದರು. ಅದರ ಅರ್ಥ ಗ್ರಹಿಸಿದ ಕಾರ್ಮಿಕರು ಓಡಿ ಹೊರಬಂದರು. ನಾಲ್ಕನೆಯ ಬಾರಿ ಹಾರಿ ಉರಿಬಾಂಬ್‌ಗಳ ಗುರುತು ಹಾಕಿದರು. ಹಿಂದಿದ್ದ 11 ವಿಮಾನಗಳು ತಲಾ ಒಂದು ಭಾರಿ ಬಾಂಬ್ ಹಾಕಿ ಕಾರ್ಖಾನೆಯನ್ನು ನೆಲಸಮ ಮಾಡಿದವು. ಊರಿನವರ ಪೈಕಿ ಸಾವುನೋವು ಇರಲೇ ಇಲ್ಲವೆನ್ನಬಹುದಾದಷ್ಟು ಕಡಿಮೆ. ಜರ್ಮನಿಯ ನಗರಗಳ ಮೇಲೆ ಬಾಂಬ್ ಸುರಿಯುವಾಗ ಇಂತಹ ಎಚ್ಚರಿಕೆಗೆ ಅವಕಾಶವಿರಲಿಲ್ಲ, ಅದನ್ನು ಯಾರೂ ಬಯಸಿಯೂ ಇರಲಿಲ್ಲ. 1943ರ ಜುಲೈನಲ್ಲಿ ಹ್ಯಾಂಬರ್ಗ್ ಒಂದರಲ್ಲೇ 35 ಸಾವಿರಕ್ಕೂ ಹೆಚ್ಚು ಜನ ಬೆಂಕಿಗೆ ಆಹುತಿಯಾದರು.

ಜುಲೈ 1944ರಲ್ಲಿ ಲಂಡನ್ ಮೇಲೆ ಗುಂಡು ಹಾರಿಸಲು ಜರ್ಮನ್ನರು ಫ್ರಾನ್ಸಿನ ಮಿಮೊಯೆಕ್‌ನಲ್ಲಿ ನೆಲದಡಿ ಕಟ್ಟುತ್ತಿದ್ದ ದೈತ್ಯ ಫಿರಂಗಿಗಳ ನೆಲೆಯನ್ನು 617ನೇ ದಳ ಧ್ವಂಸಗೊಳಿಸಿತು. ಅದು ಚೆಷೈರ್ ಅವರ ನೂರನೆಯ ದಾಳಿ. ಇನ್ನು ಸಾಕು ಎಂದು ಮೇಲಧಿಕಾರಿಗಳು ಅವರನ್ನು ಹಾರಾಟದಿಂದ ಹಿಂದಕ್ಕೆ ಕರೆದರು. ಸೆಪ್ಟೆಂಬರ್‌ನಲ್ಲಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಸಾಮಾನ್ಯವಾಗಿ ಒಂದು ಸಾಹಸಕ್ಕೆ ಸಲ್ಲುವ ಈ ಗೌರವ ಅವರಿಗೆ ದೊರೆತದ್ದು ನಾಲ್ಕು ವರ್ಷಗಳ ಎಡೆಬಿಡದ ಹೋರಾಟಕ್ಕಾಗಿ.

ಪದಕ ಪ್ರದಾನ ನಡೆದದ್ದು ಯುದ್ಧ ಮುಗಿದ ಮೇಲೆ, 1945ರ ನವೆಂಬರ್‌ನಲ್ಲಿ, ಬಕಿಂಗ್‌ಹ್ಯಾಂ ಅರಮನೆಯಲ್ಲಿ. ಅಂದು ಅದೇ ಪದಕ ಪಡೆಯಬೇಕಾಗಿದ್ದ ಇನ್ನೊಬ್ಬರು ನಾರ್ಮನ್ ಜಾಕ್ಸನ್. ಅವರು ಪೈಲಟ್ ಅಲ್ಲ, ಫ್ಲೈಟ್ ಎಂಜಿನಿಯರ್. ಹಾರುತ್ತಿದ್ದ ಲ್ಯಾಂಕಾಸ್ಟರ್‌ನ ರೆಕ್ಕೆಯ ಮೇಲಕ್ಕೆ ಅಗ್ನಿಶಾಮಕ ಹಿಡಿದು ತೆವಳಿ ಬೆಂಕಿ ಆರಿಸಲು ಯತ್ನಿಸಿ, ಸುಟ್ಟ ಮೈಯೊಂದಿಗೆ ಅರೆಬೆಂದ ಪ್ಯಾರಾಚೂಟ್‌ನಲ್ಲಿ ನೆಲಕ್ಕೆ ಬಿದ್ದು ಸೆರೆಯಾಗಿದ್ದವರು. ತಾವು ಒಡ್ಡಿಕೊಂಡ ಅಪಾಯಕ್ಕಿಂತ ಜಾಕ್ಸನ್ನರದು ದೊಡ್ಡದು, ಆದ್ದರಿಂದ ಮೊದಲ ಪದಕ ಅವರಿಗೇ ಸಲ್ಲಬೇಕು ಎಂದು ಚೆಷೈರ್ ದೊರೆಯಲ್ಲಿ ಕೇಳಿಕೊಂಡರಂತೆ. ಶಿಷ್ಟಾಚಾರ ಅದಕ್ಕೆ ಒಪ್ಪಲಿಲ್ಲ. ಜಾಕ್ಸನ್ ಮುಂದೆ ಈ ಪ್ರಸಂಗವನ್ನು ನೆನೆಯುತ್ತಿದ್ದರು.

ಭಾರತದೊಂದಿಗೆ ಚೆಷೈರ್ ಅವರ ಸಂಬಂಧ ಆರಂಭವಾದದ್ದು ಯುದ್ಧಕಾಲದಲ್ಲೇ. ಹಾರಾಟದಿಂದ ಬಿಡುಗಡೆಯಾದ ಮೇಲೆ ಅವರನ್ನು ಕಲ್ಕತ್ತೆಯ ಪೂರ್ವ ವಾಯು ಕಮಾಂಡ್ ಕಚೇರಿಗೆ ಕಳಿಸಲಾಯಿತು. ಬಳಿಕ ವಾಷಿಂಗ್ಟನ್. ಅಲ್ಲಿಂದ 1945ರ ಆಗಸ್ಟ್ 9ರಂದು ನಾಗಾಸಾಕಿಗೆ. ಬ್ರಿಟನ್ನಿನ ಅಧಿಕೃತ ವೀಕ್ಷಕರಾಗಿ ವಿಜ್ಞಾನಿ ವಿಲಿಯಂ ಪೆನ್ನಿ ಅವರೊಂದಿಗೆ ಹೊರಟ ಬಿ-29 ವಿಮಾನ ಉಳಿದವನ್ನು ಕೂಡಿಕೊಳ್ಳಲಾಗದೆ ದೂರ ಉಳಿಯಿತು. ಹಾಗಾಗಿ ಅವರು ಕಂಡದ್ದು ಬಹುದೂರದಿಂದ ಮೇಲೇಳುತ್ತಿದ್ದ ಆ ಮೋಡವನ್ನು. ಆ ದೃಶ್ಯದಿಂದ ಪಶ್ಚಾತ್ತಾಪಗೊಂಡು ಅವರು ಸೇವೆಗಿಳಿದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದು ನಿಜವಲ್ಲ. ಬಾಂಬ್ ಯುದ್ಧವನ್ನು ಬೇಗ ಮುಗಿಸಿ ಇನ್ನೂ ಅನೇಕರ ಪ್ರಾಣ ಉಳಿಸಿತೆಂಬ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಈ ನಿಲುವನ್ನು ಎಲ್ಲರೂ ಒಪ್ಪಬೇಕಿಲ್ಲ. ಆದರೆ ಇಷ್ಟೊಂದು ಪ್ರಾಣಗಳನ್ನು ತೆತ್ತು ಪಡೆದ ಶಾಂತಿಯನ್ನು ಯಾವುದಕ್ಕೆ ಬಳಸಬೇಕು ಎಂಬ ಪ್ರಶ್ನೆ ಅವರನ್ನು ಅಂದಿನಿಂದ ಬಿಡದೆ ಕಾಡಿತು.

1946ರಲ್ಲಿ ವಾಯುಪಡೆಯನ್ನು ತೊರೆದ ಅವರ ಮೊದಲ ಯತ್ನ ಮಾಜಿ ಸೈನಿಕರು ಕೂಡಿ ಬಾಳುವ ವಸಾಹತು. ಸಾಲ ಬೆಳೆಯಿತು, ಜಗಳ ಹೆಚ್ಚಿತು, 1947ರ ವೇಳೆಗೆ ಅದು ಮುರಿದುಬಿತ್ತು. ಹ್ಯಾಂಪ್‌ಷೈರ್‌ನ ಲ ಕೋರ್ಟ್ ಎಂಬ ದೊಡ್ಡ ಖಾಲಿ ಮನೆ ಮಾತ್ರ ಕೈಯಲ್ಲಿ ಉಳಿಯಿತು. 1948ರಲ್ಲಿ ಆಸ್ಪತ್ರೆಯೊಂದರಿಂದ ಸುದ್ದಿ ಬಂತು. ವಸಾಹತಿನಲ್ಲಿ ಹಂದಿ ಸಾಕುತ್ತಿದ್ದ ವಾಯುಪಡೆಯ ಮಾಜಿ ನೌಕರ ಆರ್ಥರ್ ಡೈಕ್ಸ್ ಕ್ಯಾನ್ಸರಿನಿಂದ ಸಾಯುತ್ತಿದ್ದಾನೆ, ಚಿಕಿತ್ಸೆ ಇನ್ನಿಲ್ಲ, ಅವನಿಗೆ ಹೋಗಲು ಎಡೆಯೂ ಇಲ್ಲ. ಚೆಷೈರ್ ಅವನನ್ನು ಮನೆಗೆ ಕರೆತಂದರು. ಶುಶ್ರೂಷೆಯ ಗಂಧಗಾಳಿಯೂ ಇರದ ಆ ಗ್ರೂಪ್ ಕ್ಯಾಪ್ಟನ್ ತಾವೇ ಅಡುಗೆ ಮಾಡಿ, ಹಾಸಿಗೆ ಬದಲಿಸಿ, ಮೈ ತೊಳೆದು ರೋಗಿಯನ್ನು ನೋಡಿಕೊಂಡರು. ಆಗಸ್ಟ್‌ನಲ್ಲಿ ಡೈಕ್ಸ್ ತೀರಿಕೊಂಡ. ಅಷ್ಟರಲ್ಲಿ ಹಾಸಿಗೆ ಹಿಡಿದ ವೃದ್ಧೆಯೊಬ್ಬಳನ್ನು ಸೇರಿಸಿಕೊಳ್ಳುವಂತೆ ಕೋರಿಕೆ ಬಂದಿತ್ತು. ಅವಳ ಹಿಂದೆ ಮತ್ತೊಬ್ಬರು. ಯೋಜನೆಯಿಲ್ಲದೆ, ಹಣವಿಲ್ಲದೆ ಮೊದಲ ಚೆಷೈರ್ ಹೋಂ ಹುಟ್ಟಿದ್ದು ಹೀಗೆ. ಅದೇ ವರ್ಷದ ಕ್ರಿಸ್‌ಮಸ್ ಮುನ್ನಾದಿನ ಅವರು ಕ್ಯಾಥೊಲಿಕ್ ಮತ ಸ್ವೀಕರಿಸಿದರು.

ಎರಡನೆಯ ಮನೆಯೂ ಸೈನ್ಯದ ನೆರಳಿನಲ್ಲೇ ಮೂಡಿತು. ಕಾರ್ನ್‌ವಾಲ್‌ನ ಪ್ರಿಡಾನಕ್‌ನಲ್ಲಿ, ಅಣೆಕಟ್ಟು ಒಡೆಯುವ ಬಾಂಬ್ ರೂಪಿಸಿದ್ದ ಬಾರ್ನ್ಸ್ ವಾಲಿಸ್ ಅವರ ಸಂಶೋಧನಾ ಯೋಜನೆಯಲ್ಲಿ ಚೆಷೈರ್ ಕೆಲಸಕ್ಕಿದ್ದರು. ಅಲ್ಲಿ ಪಾಳುಬಿದ್ದಿದ್ದ ವಾಯುನೆಲೆಯ ಕಟ್ಟಡವನ್ನು ರಿಪೇರಿ ಮಾಡಿ ರೋಗಿಗಳಿಗೆ ಒದಗಿಸಿದರು. 1952ರಲ್ಲಿ ಕ್ಷಯ ತಗುಲಿ ಎರಡು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿ ಮಲಗಿ, ಶ್ವಾಸಕೋಶದ ಒಂದು ಭಾಗವನ್ನು ಕಳೆದುಕೊಂಡರು. ಹಾಸಿಗೆಯಿಂದಲೇ ಪತ್ರ ಬರೆಯುತ್ತ ಮನೆಗಳ ಸಂಖ್ಯೆ ಹೆಚ್ಚಿಸಿದರು.

ಗುಣವಾದ ಕೂಡಲೇ ಅವರು ಬಂದದ್ದು ಭಾರತಕ್ಕೆ. ಬ್ರಿಟನ್ನಿನ ಹೊರಗಿನ ಮೊದಲ ಚೆಷೈರ್ ಹೋಂ 1950ರ ದಶಕದ ಮಧ್ಯದಲ್ಲಿ ಮುಂಬೈಯ ಅಂಧೇರಿಯಲ್ಲಿ ಆರಂಭವಾಯಿತು. 1959ರ ಏಪ್ರಿಲ್ 5ರಂದು ಅದೇ ಮುಂಬೈಯಲ್ಲಿ ಅವರು ಸ್ಯೂ ರೈಡರ್ ಅವರನ್ನು ವಿವಾಹವಾದರು. ನಾಜಿ ಶಿಬಿರಗಳಿಂದ ಪಾರಾದವರ ಆರೈಕೆಗೆ ತಮ್ಮನ್ನು ಮುಡಿಪಾಗಿಟ್ಟಿದ್ದ ಮಹಿಳೆ ಆಕೆ. ದಂಪತಿಗಳು ಡೆಹ್ರಾಡೂನ್‌ನಲ್ಲಿ ಕುಷ್ಠರೋಗದಿಂದ ನೊಂದವರಿಗೂ ಬುದ್ಧಿಮಾಂದ್ಯ ಮಕ್ಕಳಿಗೂ ರಾಫೆಲ್ ಎಂಬ ಕೇಂದ್ರವನ್ನು ಸ್ಥಾಪಿಸಿದರು. ಸ್ಥಳೀಯರೇ ಸಮಿತಿ ರಚಿಸಿಕೊಂಡು ತಮ್ಮ ಊರಿನ ಮನೆಯನ್ನು ತಾವೇ ನಡೆಸಬೇಕೆಂಬುದು ಚೆಷೈರ್ ಅವರ ಪದ್ಧತಿಯಾಗಿತ್ತು. ಬೆಂಗಳೂರೂ ಸೇರಿದಂತೆ ದೇಶದ ಹಲವು ನಗರಗಳಿಗೆ ಈ ಸಂಸ್ಥೆ ಹಬ್ಬಲು ಸಾಧ್ಯವಾದದ್ದು ಅದರಿಂದಲೇ. ಅವರ ಬದುಕಿನ ಕೊನೆಯ ಹೊತ್ತಿಗೆ ಸುಮಾರು 50 ದೇಶಗಳಲ್ಲಿ ಇಂತಹ ಮನೆಗಳಿದ್ದವು.

ಮಡಿದ ಸಂಗಾತಿಗಳನ್ನು ಅವರು ಮರೆತಿರಲಿಲ್ಲ. 1989ರಲ್ಲಿ ಅವರು ವಿಪತ್ತು ಪರಿಹಾರಕ್ಕಾಗಿ ಯುದ್ಧ ಸ್ಮಾರಕ ನಿಧಿಯೊಂದನ್ನು ಸ್ಥಾಪಿಸಿದರು. ಇಪ್ಪತ್ತನೆಯ ಶತಮಾನದ ಯುದ್ಧಗಳಲ್ಲಿ ಮಡಿದ ಪ್ರತಿಯೊಬ್ಬರ ಹೆಸರಿನಲ್ಲಿ ಐದು ಪೌಂಡ್ ಕೂಡಿಸಬೇಕೆಂಬುದು ಗುರಿ. ಅದರಲ್ಲಿ ಶತ್ರು ಮಿತ್ರ ಎಂಬ ಭೇದವಿರಲಿಲ್ಲ. ಬಾಂಬ್ ಹಾಕಲು ಹೋಗಿ ಸತ್ತವನೂ ಬಾಂಬಿಗೆ ಸಿಕ್ಕಿ ಸತ್ತವನೂ ಒಂದೇ ಲೆಕ್ಕ. 1990ರ ಜುಲೈ 21ರಂದು ಬರ್ಲಿನ್ ಗೋಡೆ ಉರುಳಿದ ಜಾಗದಲ್ಲಿ ರೋಜರ್ ವಾಟರ್ಸ್ ನಡೆಸಿದ ಬೃಹತ್ ಸಂಗೀತ ಕಾರ್ಯಕ್ರಮ ಈ ನಿಧಿಗಾಗಿಯೇ ಏರ್ಪಟ್ಟಿತ್ತು. ಸೀಟಿ ಊದಿ ಅದಕ್ಕೆ ಚಾಲನೆ ನೀಡಿದವರು 72ರ ಚೆಷೈರ್. ನಿಧಿ ಗುರಿಯ ಸಮೀಪಕ್ಕೂ ಬರಲಿಲ್ಲ. ಆದರೆ ಅವರೊಡನೆ ನಡೆದ ಮಾತುಕತೆಯಿಂದ ಪ್ರೇರಣೆ ಪಡೆದ ನಿವೃತ್ತ ನೌಕಾಧಿಕಾರಿ ಡೇವಿಡ್ ಚೈಲ್ಡ್ಸ್ ಸ್ಟಾಫರ್ಡ್‌ಷೈರ್‌ನಲ್ಲಿ ರಾಷ್ಟ್ರೀಯ ಸ್ಮಾರಕವನವನ್ನು ರೂಪಿಸಿದರು. 2001ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು.

1991ರಲ್ಲಿ ಲಾರ್ಡ್ ಪದವಿ ದೊರೆಯುವ ಹೊತ್ತಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಅವರನ್ನು ಆವರಿಸುತ್ತಿತ್ತು. ತಾವು ಸಾವಿರಾರು ಮಂದಿಗೆ ಒದಗಿಸಿದ್ದ ಗಾಲಿಕುರ್ಚಿಯೇ ಅವರಿಗೂ ಗತಿಯಾಯಿತು. 1992ರ ಮೇ ಕೊನೆಯಲ್ಲಿ ಬಾಂಬರ್ ಕಮಾಂಡ್ ಮುಖ್ಯಸ್ಥರಾಗಿದ್ದ ಆರ್ಥರ್ ಹ್ಯಾರಿಸ್ ಅವರ ಪ್ರತಿಮೆ ಲಂಡನ್ನಿನಲ್ಲಿ ಅನಾವರಣಗೊಂಡಾಗ ಪ್ರತಿಭಟನೆಯ ಕೂಗೆದ್ದಿತು. ಮುಂದೆ ಪ್ರತಿಮೆಗೆ ಕೆಂಪು ಬಣ್ಣವನ್ನೂ ಎರಚಿದರು. ಅದಾದ ಎರಡು ತಿಂಗಳಿಗೆ, ಜುಲೈ 31ರಂದು, ಚೆಷೈರ್ ಕೊನೆಯುಸಿರೆಳೆದರು.

ನಗರಗಳನ್ನು ಸುಟ್ಟವರನ್ನು ಸ್ಮರಿಸುವುದು ಹೇಗೆ ಎಂಬ ಮುಜುಗರ ಬ್ರಿಟನ್ನನ್ನು ಇನ್ನೂ 20 ವರ್ಷ ಬಾಧಿಸಿತು. ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಬಾಂಬರ್ ಸಿಬ್ಬಂದಿಯ ಸ್ಮಾರಕವನ್ನು ರಾಣಿ ಎಲಿಜಬೆತ್ ಅನಾವರಣಗೊಳಿಸಿದ್ದು 2012ರ ಜೂನ್ 28ರಂದು. ಕಂಚಿನ ಏಳು ವೈಮಾನಿಕರು ದಾಳಿಯಿಂದ ಈಗಷ್ಟೇ ಮರಳಿದಂತೆ ಅಲ್ಲಿ ನಿಂತಿದ್ದಾರೆ. 1944ರಲ್ಲಿ ಬೆಲ್ಜಿಯಂನಲ್ಲಿ ಉರುಳಿದ ಹ್ಯಾಲಿಫ್ಯಾಕ್ಸ್ ಒಂದರ ಅಲ್ಯೂಮಿನಿಯಂ ಅದರ ಛಾವಣಿಗೆ ಬಳಕೆಯಾಗಿದೆ. ಬಾಂಬ್ ದಾಳಿಗಳಲ್ಲಿ ಮಡಿದ ಎಲ್ಲ ದೇಶಗಳವರ ಸ್ಮರಣೆಯನ್ನೂ ಅಲ್ಲಿ ಕೆತ್ತಲಾಗಿದೆ. ಮರುವರ್ಷ, 2013ರಲ್ಲಿ, ಬಾಂಬರ್ ಕಮಾಂಡ್ ವೈಮಾನಿಕರಿಗೆ ಪದಕದ ಪಟ್ಟಿಯ ಮೇಲೆ ಧರಿಸುವ ಪುಟ್ಟ ಲೋಹದ ಗುರುತೊಂದನ್ನು ಸರ್ಕಾರ ಮಂಜೂರು ಮಾಡಿತು. ಯುದ್ಧ ಮುಗಿದು ಆಗಲೇ 68 ವರ್ಷಗಳಾಗಿದ್ದವು. ಮಡಿದವರ ಪರವಾಗಿ ಬಂಧುಗಳೂ ಅರ್ಜಿ ಸಲ್ಲಿಸಬಹುದಾಗಿತ್ತು.