ಲ್ಯಾಂಬ್ಟನ್‌ನ ಸರಪಳಿ, ನಮ್ಮ ಲ್ಯಾಪ್‌ಟಾಪಿನ ಬಿಸಿ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಟ್ರಿಪ್ ಹೋದವರಿಗೆಲ್ಲ ಇದು ಗೊತ್ತು. ಕೆಳಗೆ ಗುಂಡ್ಲುಪೇಟೆಯಲ್ಲಿ ಬೆವರು ಸುರೀತಿರುತ್ತೆ, 1454 ಮೀಟರ್ ಎತ್ತರದ ಬೆಟ್ಟದ ಮೇಲೆ ಬಸ್ಸಿಳಿದರೆ ಸ್ವೆಟರ್ ಬೇಕು ಅನ್ಸುತ್ತೆ. ಒಂದೇ ಲ್ಯಾಪ್‌ಟಾಪನ್ನು ಎರಡೂ ಕಡೆ ಆನ್ ಮಾಡಿ ಪ್ರೊಸೆಸರಿನ ಬಿಸಿ ನೋಡಿದರೆ ಎರಡು ಸಂಖ್ಯೆ ಬರುತ್ತೆ, ಎರಡೂ ನಿಜ. ಆದರೆ ಹಾಸ್ಟೆಲ್ ರೂಮಿನಲ್ಲಿ ಕೂತು ಎರಡು ಸಾಫ್ಟ್‌ವೇರ್ ಹಾಕಿ ನೋಡಿದಾಗ ಒಂದು 55 ಅಂತ, ಇನ್ನೊಂದು 75 ಅಂತ ತೋರಿಸಿದರೆ? ಯಾವುದನ್ನು ನಂಬೋದು? ತಪ್ಪಾದದ್ದನ್ನು ನಂಬಿದರೆ ಬೇಡದ ಕೂಲರಿಗೆ ದುಡ್ಡು ಸುರೀತೀವಿ, ಇಲ್ಲಾ ನಿಜವಾಗಿ ಕಾಯ್ತಿರೋ ಮೆಷಿನ್ನನ್ನು ಸುಮ್ಮನೆ ಬಿಟ್ಟುಬಿಡ್ತೀವಿ. ಈ ಪ್ರಶ್ನೆಗೆ ದಾರಿ ತೋರಿಸೋ ಒಬ್ಬ ಮನುಷ್ಯ 200 ವರ್ಷದ ಹಿಂದೆ ಇದೇ ಮೈಸೂರು ಸೀಮೆಯಲ್ಲಿ ಓಡಾಡಿದ್ದ. ಹೆಸರು ವಿಲಿಯಂ ಲ್ಯಾಂಬ್ಟನ್.

ಲ್ಯಾಂಬ್ಟನ್ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಶೈರಿನ ಸಾಧಾರಣ ಮನೆಯಲ್ಲಿ, 1750ರ ದಶಕದಲ್ಲಿ. ಸೈನ್ಯ ಸೇರಿ ಅಮೆರಿಕಕ್ಕೆ ಹೋದ, ಯಾರ್ಕ್‌ಟೌನ್‌ನಲ್ಲಿ ಸೆರೆಯಾದ. ಆಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಬ್ಯಾರಕ್ಕುಗಳನ್ನು ನೋಡಿಕೊಳ್ಳುವ ಕೆಲಸ. ಬಡ್ತಿ ಇಲ್ಲ, ಹೆಸರಿಲ್ಲ. ಆ ವರ್ಷಗಳನ್ನೆಲ್ಲ ಆತ ಗಣಿತ, ಖಗೋಳ ಓದೋದಕ್ಕೆ ಬಳಸಿಕೊಂಡ. ಭಾರತಕ್ಕೆ ಬರುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು.

1799ರ ಏಪ್ರಿಲ್, ಶ್ರೀರಂಗಪಟ್ಟಣದ ಮುತ್ತಿಗೆಯ ಸಮಯ. ಕತ್ತಲಲ್ಲಿ ಜನರಲ್ ಬೇರ್ಡ್‌ನ ಪಡೆ ವಾಪಸ್ ತಮ್ಮ ಬಿಡಾರಕ್ಕೆ ಹೊರಟಿತ್ತು. ಜೊತೆಯಲ್ಲಿದ್ದ ಲ್ಯಾಂಬ್ಟನ್ ಆಕಾಶ ನೋಡಿದ. ಉತ್ತರಕ್ಕೆ ಹೋಗಬೇಕಾದ ಪಡೆ ದಕ್ಷಿಣಕ್ಕೆ, ಟಿಪ್ಪುವಿನ ಸೈನ್ಯದ ಕಡೆಗೇ ನಡೀತಿದೆ ಅಂತ ನಕ್ಷತ್ರಗಳು ಹೇಳ್ತಿದ್ದವು. ಬೇರ್ಡ್ ಮೊದಲು ಒಪ್ಪಲಿಲ್ಲ. ಕೊನೆಗೆ ದಿಕ್ಸೂಚಿ ನೋಡಿದರೆ ನಕ್ಷತ್ರ ಹೇಳಿದ್ದೇ ಸರಿ. ಒಂದು ಮಾತನ್ನು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಸಾಕ್ಷಿಯಿಂದ ಪರೀಕ್ಷಿಸೋದು ಲ್ಯಾಂಬ್ಟನ್‌ನ ಸ್ವಭಾವವೇ ಆಗಿತ್ತು.

ಯುದ್ಧ ಮುಗಿದ ಮೇಲೆ ಆತ ದೊಡ್ಡದೊಂದು ಯೋಜನೆ ಮುಂದಿಟ್ಟ: ದಕ್ಷಿಣ ಭಾರತವನ್ನು ತ್ರಿಕೋನಗಳಿಂದ ಅಳೆಯೋದು. ನೆಲದ ಮೇಲೆ ಒಂದು ನೇರ ಗೆರೆಯನ್ನು ಬಹಳ ನಿಖರವಾಗಿ ಅಳೆದರೆ ಸಾಕು, ಉಳಿದದ್ದು ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿದು ಲೆಕ್ಕ ಹಾಕೋದು. ಮೊದಲ ಗೆರೆಯನ್ನು 1800ರಲ್ಲಿ ಬೆಂಗಳೂರಿನ ಹತ್ತಿರ ಅಳೆದರು, ಉದ್ದ ಸುಮಾರು 7.4 ಮೈಲಿ. ಉಪಕರಣ 100 ಅಡಿಯ ಒಂದು ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವಾಗಿ, ಕೊನೆಗೆ ಭಾರತಕ್ಕೆ ಬಂದ ಸರಪಳಿ ಅದು.

ಇಲ್ಲೇ ಬಿಸಿಯ ಕಥೆ ಶುರು. ಉಕ್ಕು ಕಾದರೆ ಉದ್ದ ಆಗುತ್ತೆ, ಇದು ನಮಗೆ ಫಸ್ಟ್ ಸೆಮ್‌ನಲ್ಲೇ ಗೊತ್ತು. 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಆ ಸರಪಳಿ ಒಂದು ಇಂಚಿನ ಏಳನೇ ಒಂದು ಭಾಗದಷ್ಟು ಬೆಳೆಯುತ್ತೆ. ಅಷ್ಟೇನಾ ಅನ್ನಬೇಡಿ. 7.4 ಮೈಲಿಗೆ ಸರಪಳಿಯನ್ನು 390 ಸಲ ಇಡಬೇಕು, ತಪ್ಪು ಸೇರಿ ಸೇರಿ ನಾಲ್ಕು ಅಡಿ ದಾಟುತ್ತೆ. ಅದಕ್ಕೇ ಲ್ಯಾಂಬ್ಟನ್ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಪ್ರತಿ ಸಲ ಬಿಸಿ ಬರೆದುಕೊಂಡು ಲೆಕ್ಕ ಸರಿಪಡಿಸಿದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇನ್ನೊಂದು ಗೆರೆ ಅಳೆದಾಗ, ಬಳಸುವ ಸರಪಳಿಯನ್ನು ಹೋಲಿಸಿ ನೋಡೋದಕ್ಕೆಂದೇ ಎರಡನೇ ಸರಪಳಿ ಇಟ್ಟುಕೊಂಡಿದ್ದ.

ನಿಜವಾದ ಪರೀಕ್ಷೆ ಬಂದದ್ದು 1804ರಲ್ಲಿ. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಬೆಂಗಳೂರಿನ ಒಂದು ಹೊಸ ಗೆರೆ ಇಷ್ಟು ಉದ್ದ ಇರಬೇಕು ಅಂತ ತೆಗೆದರು. ಕೋಲಾರದ ಚಿನ್ನದ ಬಗ್ಗೆ ವರದಿ ಬರೆದ ಜಾನ್ ವಾರನ್ ಲ್ಯಾಂಬ್ಟನ್‌ನ ಸಹಾಯಕ. ಆತ ಅದೇ ಗೆರೆಯನ್ನು ನೆಲದ ಮೇಲೆ ಸರಪಳಿ ಇಟ್ಟು ಅಳೆದ. ಏಳು ಮೈಲಿಗೆ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ! ಈ ಅಳತೆಯ ಮೇಲೆ ನಿಂತೇ ಆತ ಕರಾವಳಿಯಿಂದ ಕರಾವಳಿಗೆ ದೂರ ಅಳೆದು, ಹಳೆಯ ನಕ್ಷೆಗಳು ಪರ್ಯಾಯ ದ್ವೀಪವನ್ನು ಸುಮಾರು 40 ಮೈಲಿ ಅಗಲ ಹೆಚ್ಚಿಸಿ ತೋರಿಸಿದ್ದನ್ನು ತಿದ್ದಿದ. 1823ರ ಜನವರಿಯಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಕೆಲಸದ ದಾರಿಯಲ್ಲೇ ಹಿಂಗನ್‌ಘಾಟ್‌ನಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ.

ಈಗ ನಮ್ಮ ಲ್ಯಾಪ್‌ಟಾಪಿಗೆ ಬರೋಣ. ಇಂಟೆಲ್ ಪ್ರೊಸೆಸರಿನೊಳಗಿನ ಸೆನ್ಸರ್ ಬಿಸಿ ಎಷ್ಟು ಅಂತ ನೇರವಾಗಿ ಹೇಳಲ್ಲ. ಗರಿಷ್ಠ ಮಿತಿಗಿಂತ ಎಷ್ಟು ಡಿಗ್ರಿ ಕೆಳಗಿದ್ದೀನಿ ಅಂತ ಹೇಳುತ್ತೆ. ಆ ಮಿತಿಯಿಂದ ಕಳೆದು ನಮಗೆ ಸಂಖ್ಯೆ ಕೊಡೋದು ಸಾಫ್ಟ್‌ವೇರು. ಅದು ಮಿತಿಯನ್ನು ತಪ್ಪು ತಿಳಿದಿದ್ದರೆ ತೋರಿಸೋ ಬಿಸಿಯೂ ಅಷ್ಟೇ ತಪ್ಪು. ಎಎಂಡಿಯ ಮೊದಲ ತಲೆಮಾರಿನ ರೈಜನ್ 1700ಎಕ್ಸ್, 1800ಎಕ್ಸ್ ಚಿಪ್ಪುಗಳು ಬೇಕೆಂದೇ 20 ಡಿಗ್ರಿ ಸೇರಿಸಿ ಹೇಳ್ತಿದ್ದವು. ಇದು ಗೊತ್ತಿಲ್ಲದ ಪ್ರೋಗ್ರಾಂ 55 ಇದ್ದದ್ದನ್ನು 75 ಅಂತ ತೋರಿಸೋದು. ಮದರ್‌ಬೋರ್ಡಿನಲ್ಲಿ ಯಾವುದಕ್ಕೂ ಸೇರಿಸದ ಸೆನ್ಸರ್ ಪಿನ್ ಇದ್ದರೆ ಮೈನಸ್ 128ರಂಥ ಅಸಂಬದ್ಧ ಸಂಖ್ಯೆಯೂ ಬರಬಹುದು.

ಹಾಗಾದರೆ ಆರಿಸೋದು ಹೇಗೆ? ಎಚ್‌ಡಬ್ಲ್ಯೂಇನ್ಫೋ ಆಗಲಿ, ಲಿನಕ್ಸಿನ ಎಲ್ಎಂ-ಸೆನ್ಸರ್ಸ್ ಆಗಲಿ, ನಿಮ್ಮ ಚಿಪ್ಪಿಗಿಂತ ಹಳೆಯ ಆವೃತ್ತಿ ಬೇಡ. ಯಾವ ಸಂಖ್ಯೆ ಯಾವ ಸೆನ್ಸರಿನದು ಅಂತ ಬಿಡಿಬಿಡಿಯಾಗಿ ತೋರಿಸೋದನ್ನೇ ಹಾಕಿಕೊಳ್ಳಿ. ರಾತ್ರಿಯಿಡೀ ಆಫ್ ಆಗಿದ್ದ ಮೆಷಿನ್ನನ್ನು ಆನ್ ಮಾಡಿ ನೋಡಿ. ಫ್ಯಾನ್ ಗಾಳಿಯಲ್ಲಿ ತಣ್ಣಗಾಗೋ ಪ್ರೊಸೆಸರ್ ರೂಮಿಗಿಂತ ತಣ್ಣಗಿದೆ ಅಂದರೆ ಲೆಕ್ಕ ತಪ್ಪಿದೆ. ಬಳಿಕ ಭಾರದ ಕೆಲಸ ಕೊಡಿ. ಮಿತಿ ಮುಟ್ಟಿದೆ ಅಂತ ತೋರಿಸಿದಾಗ ಪ್ರೊಸೆಸರಿನ ವೇಗವೂ ಇಳೀತಾ ನೋಡಿ.

ಎರಡು ಸಾಫ್ಟ್‌ವೇರ್ ಒಂದೇ ಸಂಖ್ಯೆ ತೋರಿಸಿದ್ರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಎರಡೂ ಓದೋದು ಅದೇ ಸೆನ್ಸರನ್ನು, ಅಂದರೆ ಒಂದೇ ಸರಪಳಿಯಿಂದ ಎರಡು ಸಲ ಅಳೆದ ಹಾಗೆ. ಸರಪಳಿಯೇ ಕಾದು ಉದ್ದವಾಗಿದ್ದರೆ ಎರಡು ಅಳತೆಯೂ ಒಂದೇ ಬರುತ್ತೆ, ಎರಡೂ ತಪ್ಪಾಗಿರುತ್ತೆ.