ಮೂರನೆಯ ಕೋಟ್ ವಾರ್ನಿಷ್: ಲೆಗೊ ಸ್ಥಾಪಕನ ಬದುಕು



ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಒಂದಕ್ಕೊಂದು ಜೋಡಿಸುವ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳು ಇರುತ್ತವೆ. ಅವುಗಳನ್ನು ಜಗತ್ತಿಗೆ ಪರಿಚಯಿಸಿದ ಲೆಗೊ ಕಂಪನಿಯನ್ನು ಕಟ್ಟಿದವರು ಒಬ್ಬ ಬಡಗಿ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಅವರೇ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್.

ಅವರು ಹುಟ್ಟಿದ್ದು 1891ರಲ್ಲಿ, ಡೆನ್ಮಾರ್ಕಿನ ಒಂದು ಬಡ ರೈತ ಕುಟುಂಬದಲ್ಲಿ. 1916ರಲ್ಲಿ ಬಿಲುಂಡ್ ಎಂಬ ಹಳ್ಳಿಯಲ್ಲಿ ಮರಗೆಲಸದ ಅಂಗಡಿಯೊಂದನ್ನು ಕೊಂಡರು. 1924ರಲ್ಲಿ ಅವರ ಚಿಕ್ಕ ಮಕ್ಕಳು ಆಡುತ್ತಾ ಮರದ ಹೊಟ್ಟಿಗೆ ಬೆಂಕಿ ತಗುಲಿಸಿದರು. ಅಂಗಡಿಯೂ ಮನೆಯೂ ಸುಟ್ಟುಹೋದವು. ಮತ್ತೆ ಕಟ್ಟಿದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆ ಕಟ್ಟಿಸುವವರೇ ಇಲ್ಲವಾದಾಗ ಏಣಿ, ಇಸ್ತ್ರಿ ಹಲಗೆ, ಜೊತೆಗೆ ಮರದ ಆಟಿಕೆ ಮಾಡತೊಡಗಿದರು. 1932ರಲ್ಲಿ ಪತ್ನಿ ತೀರಿಕೊಂಡರು. ನಾಲ್ವರು ಗಂಡುಮಕ್ಕಳ ಹೊಣೆ ಅವರ ಮೇಲೆಯೇ ಬಿತ್ತು. ಚೆನ್ನಾಗಿ ಆಡು ಎಂಬರ್ಥದ ಡ್ಯಾನಿಶ್ ಪದಗಳಿಂದ ಲೆಗೊ ಎಂಬ ಹೆಸರು ಬಂತು.

ಅವರ ಬದುಕಿನಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು ಸಣ್ಣ ಘಟನೆ. ಮರದ ಬಾತುಕೋಳಿಗಳಿಗೆ ಮೂರು ಕೋಟ್ ವಾರ್ನಿಷ್ ಬಳಿಯುವುದು ರೂಢಿ. ಮಗ ಗಾಟ್‌ಫ್ರೆಡ್ ಎರಡೇ ಕೋಟ್ ಬಳಿದು, ಹಣ ಉಳಿಸಿದೆನೆಂದು ಖುಷಿಯಿಂದ ತಂದೆಗೆ ಹೇಳಿದ. ತಂದೆ ಹೊಗಳಲಿಲ್ಲ. ರೈಲು ನಿಲ್ದಾಣಕ್ಕೆ ಹೋಗಿದ್ದ ಪೆಟ್ಟಿಗೆಗಳನ್ನು ವಾಪಸು ತರಿಸಿ, ಮೂರನೆಯ ಕೋಟನ್ನು ಮಗನ ಕೈಯಿಂದಲೇ ಬಳಿಸಿದರು. ಕೊಳ್ಳುವವರಿಗೆ ಆ ವ್ಯತ್ಯಾಸ ಬಹುಶಃ ತಿಳಿಯುತ್ತಲೇ ಇರಲಿಲ್ಲ. ಓಲೆ ಕಿರ್ಕ್ ದೈವಭಕ್ತ ಕ್ರೈಸ್ತರು. ಯಾರೂ ನೋಡದಿದ್ದರೂ ಅಲ್ಲಾಹನು ನೋಡುತ್ತಿದ್ದಾನೆ ಎಂದು ನಮ್ಮ ಹಿರಿಯರು ಹೇಳುವುದು ಇಂಥ ಕೆಲಸದ ಬಗ್ಗೆಯೇ ಅಲ್ಲವೇ?

1942ರಲ್ಲಿ ಕಾರ್ಖಾನೆ ಮತ್ತೆ ಸುಟ್ಟಿತು. ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅವರು ಪ್ಲಾಸ್ಟಿಕ್ ಅಚ್ಚು ಹಾಕುವ ದುಬಾರಿ ಯಂತ್ರ ಕೊಳ್ಳಲು ನಿರ್ಧರಿಸಿದರು. ಪ್ಲಾಸ್ಟಿಕ್ ಕಾಳುಗಳನ್ನು ಕಾಯಿಸಿ ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿ, ತಣಿದ ಮೇಲೆ ಹೊರತೆಗೆಯುವ ಯಂತ್ರವದು. ಮರದ ಆಟಿಕೆಯೇ ಶ್ರೇಷ್ಠವೆಂದು ಜನ ನಂಬಿದ್ದ ಕಾಲದಲ್ಲಿ ಐವತ್ತು ದಾಟಿದ ಬಡಗಿಯೊಬ್ಬರು ತೋರಿದ ಈ ಧೈರ್ಯ ದೊಡ್ಡದು.

1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳು ಬಂದವು. ಈ ಕಲ್ಪನೆ ಪೂರ್ತಿ ಅವರದಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಹಿಲರಿ ಪೇಜ್ ಮೊದಲೇ ಅಂಥ ಇಟ್ಟಿಗೆ ಮಾಡಿದ್ದರು. ಲೆಗೊ ಇಟ್ಟಿಗೆ ಅದನ್ನೇ ಆಧರಿಸಿತ್ತು. ಒಳಗೆ ಪೂರ್ತಿ ಟೊಳ್ಳಾಗಿದ್ದ ಆ ಇಟ್ಟಿಗೆಗಳಿಗೆ ಬಿಗಿ ಸಾಲದು. ಆರಂಭದಲ್ಲಿ ಮಾರಾಟವೂ ಕಡಿಮೆ. ಬಾತುಕೋಳಿಯ ಪಾಠ ಕಲಿತಿದ್ದ ಗಾಟ್‌ಫ್ರೆಡ್ ಕೈಬಿಡಲಿಲ್ಲ. ಇಟ್ಟಿಗೆಯ ಒಳಗೆ ಕೊಳವೆಗಳನ್ನಿಟ್ಟರೆ ಮೇಲಿನ ಗುಬುಟುಗಳನ್ನು ಅವು ಬಿಗಿಯಾಗಿ ಹಿಡಿಯುತ್ತವೆ ಎಂಬ ಉಪಾಯಕ್ಕೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಸಲ್ಲಿಸಿದರು. ಅದೇ ಮಾರ್ಚ್ 11ರಂದು, 66ನೇ ವಯಸ್ಸಿನಲ್ಲಿ, ಓಲೆ ಕಿರ್ಕ್ ತೀರಿಕೊಂಡರು. ಆ ಇಟ್ಟಿಗೆ ಪಡೆದ ಕೀರ್ತಿಯನ್ನು ಅವರು ನೋಡಲಿಲ್ಲ.

1958ರ ಇಟ್ಟಿಗೆ ಇಂದಿನ ಇಟ್ಟಿಗೆಗೂ ಸರಿಯಾಗಿ ಕೂರುತ್ತದೆ. ಪ್ಲಾಸ್ಟಿಕ್ ಎಂದರೆ ಬಳಸಿ ಎಸೆಯುವ ವಸ್ತು ಎಂದುಕೊಂಡಿರುವ ನಮಗೆ ಇದು ಯೋಚಿಸಬೇಕಾದ ಮಾತು. ಅಜ್ಜ ಆಡಿದ್ದನ್ನು ಮೊಮ್ಮಗಳೂ ಆಡುವಂತೆ ಮಾಡುವುದು ಸುಲಭವಲ್ಲ. ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವಾಗಲೂ, ಮುಂದೆ ಯಾವ ಉದ್ಯೋಗ ಹಿಡಿದಾಗಲೂ, ಆ ಮೂರನೆಯ ಕೋಟ್ ನಮ್ಮ ನೆನಪಿನಲ್ಲಿರಲಿ ಎಂದು ಹಾರೈಸುತ್ತೇನೆ.