ಟಿಪ್ಪು ಸುಲ್ತಾನ್: ದಂಡ ಕಟ್ಟಿದರು, ತಲೆ ಬಾಗಲಿಲ್ಲ

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, ತಂದೆ ಹೈದರಲಿ 1782ರಲ್ಲಿ ತೀರಿಕೊಂಡ ಮೇಲೆ ಮೈಸೂರಿನ ಆಡಳಿತ ವಹಿಸಿಕೊಂಡರು. ಅವರು ಬರೇ ಯುದ್ಧ ಮಾಡಿದವರಲ್ಲ. ಮಸ್ಕತ್‌ನಲ್ಲಿ ಕೋಠಿ ಇಟ್ಟು ಗಂಧ, ಕರಿಮೆಣಸು ಮಾರಿಸಿದವರು. ವ್ಯಾಪಾರಕ್ಕೆಂದು ಬಂದ ಈಸ್ಟ್ ಇಂಡಿಯಾ ಕಂಪೆನಿಗೆ ಇದೂ ಸಹಿಸಲಾಗಲಿಲ್ಲ.

1792ರಲ್ಲಿ ಮರಾಠರು, ನಿಝಾಮರ ಜೊತೆ ಸೇರಿ ಕಂಪೆನಿ ಅರ್ಧ ರಾಜ್ಯ ಕಿತ್ತುಕೊಂಡಿತು. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಅದು ತೀರುವವರೆಗೆ ಟಿಪ್ಪುವಿನ ಇಬ್ಬರು ಪುಟ್ಟ ಮಕ್ಕಳು ಒತ್ತೆ! ಹಣ ಕಟ್ಟಿ 1794ರಲ್ಲಿ ಮಕ್ಕಳನ್ನು ಬಿಡಿಸಿಕೊಂಡರು.

ಕಂಪೆನಿಯ ಸೇನೆಯನ್ನು ಸ್ವಂತ ಖರ್ಚಲ್ಲಿ ಸಾಕುವ ಕರಾರಿಗೆ 1798ರಲ್ಲಿ ನಿಝಾಮರು ಒಪ್ಪಿದರು, ಟಿಪ್ಪು ಒಪ್ಪಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಶಹೀದರಾದರು. ಆಮೇಲೆ ನಮ್ಮ ಬೇಕಲ ಕೋಟೆಯೂ ಕಂಪೆನಿಯ ಪಾಲಾಯಿತು. ಅಲ್ಲಿ ಫೋಟೊ ತೆಗೆಯುವ ನಮ್ಮ ಯುವಕರಿಗೆ ಇದೂ ಗೊತ್ತಿರಲಿ.